ಕಿನ್ನರಿ ಕಲ್ಪನೆ, ಹೂವು ಮಾತ್ರ ನಿಜ

1948ರಲ್ಲಿ ಬ್ರಿಟನ್ನಿನಲ್ಲಿ ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಪ್ರಕಟವಾಯಿತು. ಹೆಸರು ‘ಫ್ಲವರ್ ಫೇರೀಸ್ ಆಫ್ ದಿ ವೇಸೈಡ್’. ದಾರಿಬದಿಯ ಹೂಗಿನ್ನರಿಯರು ಎಂದು ಕನ್ನಡದಲ್ಲಿ ಹೇಳಬಹುದು. ಒಂದು ಪುಟದಲ್ಲಿ ಒಂದು ಕಾಡುಹೂವು, ಆ ಹೂವಿನ ಬಣ್ಣದ ಉಡುಪು ತೊಟ್ಟ ರೆಕ್ಕೆಯ ಮಗು. ಎದುರು ಪುಟದಲ್ಲಿ ಅದರದೊಂದು ಪದ್ಯ. ಇಂತಹ ಪುಸ್ತಕಗಳ ಮುನ್ನುಡಿ ಸಾಮಾನ್ಯವಾಗಿ ಮಕ್ಕಳನ್ನು ಕೈಹಿಡಿದು ಕಲ್ಪನಾಲೋಕಕ್ಕೆ ಕರೆದೊಯ್ಯುತ್ತದೆ. ಇದರ ಮುನ್ನುಡಿ ಹಾಗಿರಲಿಲ್ಲ. ಗಿಡ ಮತ್ತು ಹೂಗಳನ್ನೆಲ್ಲ ನಿಜವಾದವನ್ನೇ ನೋಡಿ ಎಚ್ಚರದಿಂದ ಬರೆದಿರುವುದಾಗಿಯೂ, ಅವುಗಳ ಬಗ್ಗೆ ಹೇಳಿದ್ದೆಲ್ಲ ತಮ್ಮಿಂದ ಸಾಧ್ಯವಾದಷ್ಟು ಸತ್ಯವೆಂದೂ ಲೇಖಕಿ ತಿಳಿಸಿದ್ದರು. ಆದರೆ ಕಿನ್ನರಿಯನ್ನು ತಾವು ಎಂದೂ ಕಂಡಿಲ್ಲ, ಅದೆಲ್ಲ ಬರೀ ಆಟದ ಕಲ್ಪನೆ ಎಂದೂ ಪುಟಾಣಿ ಓದುಗರಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು.

ಈ ಲೇಖಕಿ, ಚಿತ್ರಕಲಾವಿದೆ, ಸಿಸಿಲಿ ಮೇರಿ ಬಾರ್ಕರ್. ಇಂಗ್ಲಿಷ್ ಮಕ್ಕಳ ಪುಸ್ತಕಲೋಕದಲ್ಲಿ ಆಕೆಯ ಹೆಸರು ಉಳಿದಿರುವುದು ಕಿನ್ನರಿಯರಿಂದ. ಆದರೆ ರೆಕ್ಕೆಯ ಮಕ್ಕಳನ್ನು ಪಕ್ಕಕ್ಕಿಟ್ಟು ನೋಡಿದರೆ ಆ ಚಿತ್ರಗಳಲ್ಲಿ ಇನ್ನೊಂದು ಸಂಪತ್ತು ಕಾಣುತ್ತದೆ. ಅದು ಜಲವರ್ಣದಲ್ಲಿ ಮೂಡಿದ ಸಸ್ಯಾಧ್ಯಯನ. ಒಂದು ದೇಶದ ಬೇಲಿ, ಹೊಲದಂಚು, ಹುಲ್ಲುಗಾವಲುಗಳಲ್ಲಿ ಬೆಳೆಯುತ್ತಿದ್ದ ಸಾಮಾನ್ಯ ಗಿಡಗಳ ನಿಷ್ಠಾವಂತ ದಾಖಲೆ.

ಮನೆಯೇ ಪಾಠಶಾಲೆ

ಬಾರ್ಕರ್ ಹುಟ್ಟಿದ್ದು 1895ರ ಜೂನ್ 28ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ ಪಟ್ಟಣದಲ್ಲಿ. ತಂದೆ ವಾಲ್ಟರ್ ಬಾರ್ಕರ್ ಬಿತ್ತನೆ ಬೀಜ ಮಾರುವ ಕಂಪೆನಿಯೊಂದರಲ್ಲಿ ಪಾಲುದಾರರು. ಬಿಡುವಿನಲ್ಲಿ ಮರದ ಕೆತ್ತನೆ ಮಾಡುವ ಹವ್ಯಾಸದವರು. ಸಿಸಿಲಿಗೆ ಬಾಲ್ಯದಲ್ಲೇ ಮೂರ್ಛೆರೋಗವಿತ್ತು. ಆ ಕಾಲದಲ್ಲಿ ಅದಕ್ಕಿದ್ದ ಮುಖ್ಯ ಔಷಧ ಬ್ರೋಮೈಡ್. ಮಗು ಎಲ್ಲಿ, ಯಾವಾಗ ಬೀಳುತ್ತದೋ ಎಂಬ ಭಯದಿಂದ ತಂದೆತಾಯಿ ಆಕೆಯನ್ನು ಶಾಲೆಗೆ ಕಳಿಸಲಿಲ್ಲ. ಮನೆಗೇ ಬಂದು ಕಲಿಸುವ ಶಿಕ್ಷಕಿಯನ್ನು ನೇಮಿಸಿದರು. ಓಡಾಟ ಕಡಿಮೆಯಾದ ಆ ದಿನಗಳಲ್ಲಿ ಹುಡುಗಿಗೆ ಜೊತೆಯಾದದ್ದು ಕೇಟ್ ಗ್ರೀನವೇ, ರಾಂಡಾಲ್ಫ್ ಕಾಲ್ಡಿಕಾಟ್ ಮೊದಲಾದವರ ಚಿತ್ರಪುಸ್ತಕಗಳು ಮತ್ತು ಬಣ್ಣದ ಪೆಟ್ಟಿಗೆ.

ಮಗಳ ಕೈಯಲ್ಲಿ ಕಸುಬಿದೆ ಎಂಬುದನ್ನು ಮೊದಲು ಗುರುತಿಸಿದವರು ತಂದೆ. 1908ರಲ್ಲಿ ಅಂಚೆ ಮೂಲಕ ಚಿತ್ರಕಲೆ ಕಲಿಸುವ ಶಿಕ್ಷಣಕ್ಕೆ ಹಣ ಕಟ್ಟಿದರು. ಕ್ರಾಯ್ಡನ್ ಕಲಾಶಾಲೆಯ ಸಂಜೆ ತರಗತಿಗೂ ಸೇರಿಸಿದರು. 1911ರಲ್ಲಿ ಆಕೆಯ ನಾಲ್ಕು ಚಿತ್ರಗಳನ್ನು ರಾಫೆಲ್ ಟಕ್ ಎಂಬ ಹೆಸರಾಂತ ಮುದ್ರಣ ಸಂಸ್ಥೆ ಕಾರ್ಡುಗಳಿಗಾಗಿ ಕೊಂಡಿತು. ಅದೇ ವರ್ಷ, ಹದಿನಾರರ ವಯಸ್ಸಿನಲ್ಲಿ, ಕ್ರಾಯ್ಡನ್ ಕಲಾಸಂಘದ ಆಜೀವ ಸದಸ್ಯತ್ವ ದೊರೆಯಿತು.

ಮರುವರ್ಷವೇ ತಂದೆ ತೀರಿಕೊಂಡರು. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳ ಸಂಸಾರದ ಹೊರೆ ಮಕ್ಕಳ ಮೇಲೆಯೇ ಬಿತ್ತು. ಅಕ್ಕ ಡೊರೊತಿ ಶಿಶುವಿಹಾರದ ಶಿಕ್ಷಕಿಯಾದರು. ಮುಂದೆ ಮನೆಯ ಹಿಂದಿನ ಕೋಣೆಯಲ್ಲೇ ಒಂದು ಶಿಶುವಿಹಾರ ತೆರೆದರು. ತಂಗಿ ಮಕ್ಕಳ ಪತ್ರಿಕೆಗಳಿಗೆ ಪದ್ಯ ಮತ್ತು ಚಿತ್ರ ಮಾರತೊಡಗಿದರು. ಶಾಲೆಗೆ ಹೋಗಲು ಆಗದಿದ್ದ ಹುಡುಗಿಯ ಕುಂಚ ಈಗ ಮನೆ ನಡೆಸುವ ಸಾಧನವಾಯಿತು.

ಬಾರ್ಕರ್‌ಗೆ ಗುರುಸ್ಥಾನದಲ್ಲಿದ್ದವರು ‘ಪ್ರಿ–ರಾಫೆಲೈಟ್’ ಎಂಬ ಹೆಸರಿನ ಕಲಾವಿದರ ಗುಂಪು. 1848ರಲ್ಲಿ ಲಂಡನ್ನಿನಲ್ಲಿ ಕೂಡಿಕೊಂಡ ಈ ಯುವ ಕಲಾವಿದರು ವಿಮರ್ಶಕ ಜಾನ್ ರಸ್ಕಿನ್‌ನ ಮಾತನ್ನು ಮಂತ್ರದಂತೆ ಹಿಡಿದವರು: ಪ್ರಕೃತಿಯ ಬಳಿ ಹೋಗಿ, ಅಲ್ಲಿರುವುದನ್ನು ಏನನ್ನೂ ಬಿಡದೆ, ಏನನ್ನೂ ಆರಿಸದೆ ಬರೆಯಬೇಕು. ಆ ಗುಂಪಿನ ಜಾನ್ ಎವರೆಟ್ ಮಿಲೇ ತನ್ನ ‘ಒಫೀಲಿಯಾ’ ಚಿತ್ರದ ಹಿನ್ನೆಲೆಯನ್ನು 1851ರಲ್ಲಿ ಸರ್ರೆ ಪ್ರಾಂತದ ಹಾಗ್ಸ್‌ಮಿಲ್ ಹೊಳೆಯ ದಡದಲ್ಲಿ ತಿಂಗಳುಗಟ್ಟಲೆ ಕುಳಿತು ಬರೆದ. ಅದರಲ್ಲಿನ ಒಂದೊಂದು ಗಿಡವನ್ನೂ ಇಂದಿಗೂ ಹೆಸರಿಟ್ಟು ಗುರುತಿಸಬಹುದು. ಕಥೆ ಷೇಕ್ಸ್‌ಪಿಯರನದು, ಗಿಡ ಮಾತ್ರ ಹೊಳೆಯ ದಡದ್ದು. ಬಾರ್ಕರ್ ಮುಂದೆ ಹಿಡಿದದ್ದೂ ಇದೇ ಹಾದಿ.

ತಿಂಗಳುಗಳ ಶ್ರಮಕ್ಕೆ 25 ಪೌಂಡ್

ಹೂಗಿನ್ನರಿಯರ ಮೊದಲ ಕಟ್ಟನ್ನು ಬಾರ್ಕರ್ ಹಲವು ಪ್ರಕಾಶಕರಿಗೆ ಕಳುಹಿಸಿದರು. ಒಬ್ಬರ ನಂತರ ಒಬ್ಬರು ವಾಪಸು ಮಾಡಿದರು. ಕೊನೆಗೆ ಬ್ಲಾಕಿ ಎಂಬ ಸಂಸ್ಥೆ ಒಪ್ಪಿಕೊಂಡಿತು. 1923ರಲ್ಲಿ ‘ಫ್ಲವರ್ ಫೇರೀಸ್ ಆಫ್ ದಿ ಸ್ಪ್ರಿಂಗ್’, ಅಂದರೆ ವಸಂತದ ಹೂಗಿನ್ನರಿಯರು, ಹೊರಬಂತು. 24 ಚಿತ್ರ ಮತ್ತು ಅವುಗಳ ಪದ್ಯಗಳಿಗೆ ಸೇರಿ ಆಕೆಗೆ ಸಿಕ್ಕಿದ್ದು 25 ಪೌಂಡ್. ಚಿತ್ರವೊಂದಕ್ಕೆ ಒಂದು ಪೌಂಡಿಗಿಂತ ಚೂರು ಹೆಚ್ಚು. ಪುಸ್ತಕ ಎಷ್ಟೇ ಮಾರಾಟವಾದರೂ ಮತ್ತೆ ಕಾಸಿಲ್ಲ. ಪುಸ್ತಕ ಚೆನ್ನಾಗಿಯೇ ಮಾರಾಟವಾಯಿತು. 1925ರ ಬೇಸಿಗೆಯ ಸಂಪುಟದಿಂದ ಆಚೆಗಷ್ಟೇ ಆಕೆಗೆ ಗೌರವಧನದ ಪಾಲು ದೊರೆಯಿತು. 1926ರಲ್ಲಿ ಶರತ್ಕಾಲದ ಸಂಪುಟ, 1934ರಲ್ಲಿ ಇಂಗ್ಲಿಷ್ ಅಕ್ಷರಮಾಲೆಯದು, 1940ರಲ್ಲಿ ಮರಗಳದು, 1944ರಲ್ಲಿ ಕೈತೋಟದ್ದು, 1948ರಲ್ಲಿ ದಾರಿಬದಿಯದು. ಹೀಗೆ ಒಟ್ಟು ಏಳು ಸಂಪುಟಗಳು ಆಕೆಯ ಕಾಲದಲ್ಲೇ ಬಂದವು.

ಆ ದಿನಗಳಲ್ಲಿ ಕಿನ್ನರಿಯರಿಗೆ ಬ್ರಿಟನ್ನಿನಲ್ಲಿ ವಿಶೇಷ ಬೇಡಿಕೆಯಿತ್ತು. ಮೊದಲ ಮಹಾಯುದ್ಧ ಸಾವಿರಾರು ಮನೆಗಳಲ್ಲಿ ಸೂತಕ ಉಳಿಸಿ ಹೋಗಿತ್ತು. ಕಾಣದ ಲೋಕವನ್ನು ನಂಬುವ ಹಂಬಲ ದೊಡ್ಡವರಲ್ಲೂ ಬೆಳೆದಿತ್ತು. 1917ರಲ್ಲಿ ಯಾರ್ಕ್‌ಷೈರಿನ ಕಾಟಿಂಗ್ಲಿ ಹಳ್ಳಿಯ ಇಬ್ಬರು ಹುಡುಗಿಯರು ಕಿನ್ನರಿಯರ ಜೊತೆ ತೆಗೆದದ್ದೆನ್ನಲಾದ ಛಾಯಾಚಿತ್ರಗಳನ್ನು ತೋರಿಸಿದರು. ಷೆರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಅವುಗಳನ್ನು ನಂಬಿ 1920ರಲ್ಲಿ ಪತ್ರಿಕೆಯಲ್ಲಿ ಬರೆದ; 1922ರಲ್ಲಿ ಪುಸ್ತಕವನ್ನೇ ತಂದ. ಅವು ಕಾಗದದಲ್ಲಿ ಕತ್ತರಿಸಿದ ಬೊಂಬೆಗಳೆಂದು ಆ ಹುಡುಗಿಯರು ಒಪ್ಪಿಕೊಂಡದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಕ್ಯಾಮೆರಾ ಹಿಡಿದವರು ಕಲ್ಪನೆಯನ್ನು ಸತ್ಯವೆಂದು ಸಾಧಿಸಹೊರಟಿದ್ದ ಆ ದಶಕದಲ್ಲೇ ಬಾರ್ಕರ್ ಕುಂಚ ಹಿಡಿದು ನಿಜವಾದ ಹೂಗಳನ್ನು ಬರೆಯುತ್ತಿದ್ದರು. ಯಾವುದು ಆಟ, ಯಾವುದು ನಿಜ ಎಂಬುದನ್ನು ಆಕೆ ಎಂದೂ ಬೆರೆಸಲಿಲ್ಲ.

ಬಾಡುವ ಮೊದಲು ಬರೆಯಬೇಕು

ಸಸ್ಯಚಿತ್ರಣಕ್ಕೆ ಜಲವರ್ಣವೇ ಬಹುಕಾಲದಿಂದ ಒಪ್ಪಿತವಾದ ಮಾಧ್ಯಮ. 1787ರಲ್ಲಿ ಆರಂಭವಾಗಿ ಇಂದಿಗೂ ನಡೆದುಬಂದಿರುವ ‘ಕರ್ಟಿಸ್ ಬೊಟಾನಿಕಲ್ ಮ್ಯಾಗಜಿನ್’ ಎಂಬ ಸಸ್ಯಪತ್ರಿಕೆಯ ಚಿತ್ರಗಳೂ ಇದೇ ಪರಂಪರೆಯವು. ಇದಕ್ಕೆ ಕಾರಣ ಸರಳ. ನೀರಿನಲ್ಲಿ ಕಲಸಿದ ಬಣ್ಣ ಪಾರದರ್ಶಕ. ತೆಳುವಾಗಿ ಪದರ ಪದರವಾಗಿ ಹಚ್ಚಿದರೆ ಕೆಳಗಿನ ಬಿಳಿಯ ಕಾಗದ ಬೆಳಕಿನಂತೆ ಹೊಮ್ಮುತ್ತದೆ. ಹೂವಿನ ಎಸಳೂ ಹಾಗೆಯೇ. ಬೆಳಕನ್ನು ಸ್ವಲ್ಪ ತಡೆದು ಸ್ವಲ್ಪ ಬಿಡುವಂಥದ್ದು. ತೈಲವರ್ಣದಂತೆ ಒಣಗಲು ದಿನಗಟ್ಟಲೆ ಕಾಯಬೇಕಿಲ್ಲ. ಆದರೆ ತಪ್ಪಿದರೆ ಒರೆಸಿ ತಿದ್ದುವುದೂ ಸುಲಭವಲ್ಲ.

ಕಷ್ಟ ಇಷ್ಟೇ ಅಲ್ಲ. ಬಿಳಿ ಹೂವನ್ನು ಬಿಳಿ ಬಣ್ಣ ಬಳಿದು ತೋರಿಸಿದರೆ ಅದು ಸುಣ್ಣದಂತೆ ಕಾಣುತ್ತದೆ. ಕಾಗದವನ್ನು ಖಾಲಿ ಬಿಟ್ಟು, ಸುತ್ತಲಿನ ನೆರಳಿನಿಂದ ಹೂವನ್ನು ಎತ್ತಿ ತೋರಿಸಬೇಕು. ಹಳದಿ ಹೂವಿಗೆ ನೆರಳು ಕೊಡುವಾಗ ಬಣ್ಣ ಕೆಸರಾಗದಂತೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಲಾವಿದೆಯ ಮುಂದೆ ಕುಳಿತಿರುವುದು ಕ್ಷಣ ಕ್ಷಣಕ್ಕೂ ಬದಲಾಗುವ ಜೀವ. ಡೇಸಿ ಹೂವು ಸಂಜೆಗೆ ಮುಚ್ಚಿಕೊಳ್ಳುತ್ತದೆ. ಡ್ಯಾಂಡಿಲಿಯನ್, ಸೆಲಂಡೈನ್ ಹೂಗಳು ಮೋಡ ಕವಿದರೂ ಸಾಕು, ಎಸಳು ಮಡಚುತ್ತವೆ. ಈ ಮೂರೂ ಬಾರ್ಕರ್‌ರ ವಸಂತದ ಸಂಪುಟದಲ್ಲಿವೆ. ಇಂಗ್ಲೆಂಡಿನ ವಸಂತದ ಹೂಗಳಿಗೆ ಕೆಲವೇ ವಾರಗಳ ಆಯಸ್ಸು. ಆ ವಾರಗಳು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು.

ಬಾರ್ಕರ್ ಕೆಲಸ ಮಾಡುತ್ತಿದ್ದ ಕ್ರಮ ಶಿಸ್ತಿನದು. ಅಕ್ಕನ ಶಿಶುವಿಹಾರದ ಮಕ್ಕಳು, ನೆಂಟರಿಷ್ಟರ ಮಕ್ಕಳು ಆಕೆಗೆ ಮಾದರಿಗಳು. ಶನಿವಾರ ಮನೆಗೆಲಸಕ್ಕೆ ಬರುತ್ತಿದ್ದ ಹುಡುಗಿಯೇ ಪ್ರಿಮ್‌ರೋಸ್ ಹೂವಿನ ಕಿನ್ನರಿಯಾದಳು. ಪ್ರತಿಯೊಂದು ಹೂವಿಗೂ ತಕ್ಕ ಉಡುಪನ್ನು ಬಟ್ಟೆಯಲ್ಲಿ ಹೊಲಿಯಲಾಗುತ್ತಿತ್ತು. ಕಡ್ಡಿ ಮತ್ತು ತೆಳುಬಟ್ಟೆಯಿಂದ ರೆಕ್ಕೆ ಕಟ್ಟಲಾಗುತ್ತಿತ್ತು. ಚಿತ್ರ ಮುಗಿದ ಮೇಲೆ ಉಡುಪಿನ ಹೊಲಿಗೆ ಬಿಚ್ಚಿ ಅದೇ ಬಟ್ಟೆಯನ್ನು ಮುಂದಿನ ಕಿನ್ನರಿಗೆ ಬಳಸುವುದು ಆ ಮನೆಯ ಮಿತವ್ಯಯ. ಮಾದರಿ ಮಗುವಿನ ಕೈಗೆ ನಿಜವಾದ ಹೂವು ಅಥವಾ ಟೊಂಗೆ ಕೊಟ್ಟು, ಅದರ ಆಕಾರ, ಮೇಲ್ಮೈ, ಬಾಗುವ ರೀತಿಯನ್ನು ನೋಡಿಕೊಂಡು ಆಕೆ ಬರೆಯುತ್ತಿದ್ದರು. ಹುಡುಕಿದ ಗಿಡ ಸುತ್ತಮುತ್ತ ಸಿಗದಿದ್ದರೆ ಲಂಡನ್ ಬಳಿಯ ಕ್ಯೂ ಸಸ್ಯೋದ್ಯಾನದ ಸಿಬ್ಬಂದಿಯ ನೆರವು ಕೇಳುತ್ತಿದ್ದರು. ಅವರು ಎಷ್ಟೋ ಸಲ ಗಿಡಗಳನ್ನು ಆಕೆಯ ಮನೆಗೇ ತಂದು ಕೊಟ್ಟದ್ದುಂಟು. ಬೆಂಗಳೂರಿನ ಲಾಲ್‌ಬಾಗನ್ನು ಬೆಳೆಸಿದ ಜಾನ್ ಕ್ಯಾಮರೂನ್ ಮತ್ತು ಕೃಂಬಿಗಲ್ ಪಳಗಿದ್ದೂ ಇದೇ ಕ್ಯೂ ತೋಟದಲ್ಲಿ. ಅಂಥ ಸಂಸ್ಥೆಯ ಜನ ಮಕ್ಕಳ ಪುಸ್ತಕವೊಂದಕ್ಕೆ ಗಿಡ ಹೊತ್ತು ತಂದರೆಂದರೆ, ಆಕೆಯ ಅಧ್ಯಯನದ ಮೇಲೆ ಅವರಿಗಿದ್ದ ಗೌರವ ಊಹಿಸಬಹುದು.

ಒಂದೇ ಒಂದು ಕಡೆ ಆಕೆ ಸಸ್ಯಶಾಸ್ತ್ರದ ನಿಯಮ ಮೀರಿದರು. ಅದು ಅಳತೆ. ಸಸ್ಯಚಿತ್ರದಲ್ಲಿ ಹೂವನ್ನು ಇದ್ದಷ್ಟೇ ಗಾತ್ರದಲ್ಲಿ ಬರೆಯುವುದು ವಾಡಿಕೆ. ಇಲ್ಲಿ ಮಗು ಹೂವಿನಷ್ಟು ಕಿರಿದಾಗಿ ಕಾಣಬೇಕಾದರೆ ಹೂವು ಮಗುವಿನಷ್ಟು ಹಿರಿದಾಗಬೇಕು. ಹೀಗೆ ಹಿಗ್ಗಿಸಿದಾಗ ತಪ್ಪುಗಳೂ ಹಿಗ್ಗುತ್ತವೆ. ಕಾಂಡದ ಮೇಲಿನ ರೋಮ, ಎಲೆಯ ಅಂಚಿನ ಹಲ್ಲು, ಎಸಳಿನ ನರ ಯಾವುದನ್ನೂ ಅಂದಾಜಿನಲ್ಲಿ ಮುಗಿಸುವಂತಿಲ್ಲ.

ಚಿತ್ರದಲ್ಲಿ ಅಡಗಿದ ಪಾಠ

ಸಸ್ಯಶಾಸ್ತ್ರದ ಗ್ರಂಥಗಳಂತೆ ಬಾರ್ಕರ್ ಹೂವನ್ನು ಸೀಳಿ ಒಳಭಾಗ ತೋರಿಸಲಿಲ್ಲ. ಲ್ಯಾಟಿನ್ ವರ್ಣನೆ ಕೊಡಲಿಲ್ಲ. ಆದರೂ ಗಿಡವನ್ನು ಗುರುತಿಸಲು ಬೇಕಾದ ಮುಖ್ಯ ಲಕ್ಷಣಗಳು ಆ ಚಿತ್ರಗಳಲ್ಲಿವೆ. ಸ್ಟಿಚ್‌ವರ್ಟ್ ಎಂಬ ಬಿಳಿ ಕಾಡುಹೂವನ್ನು ದೂರದಿಂದ ನೋಡಿದರೆ ಹತ್ತು ಎಸಳಿರುವಂತೆ ಕಾಣುತ್ತದೆ. ವಾಸ್ತವದಲ್ಲಿ ಇರುವುದು ಐದೇ. ಒಂದೊಂದೂ ನಡುವೆ ಸೀಳಿಕೊಂಡಿದೆ. ಪ್ರಿಮ್‌ರೋಸ್ ಮತ್ತು ಕೌಸ್ಲಿಪ್ ಹತ್ತಿರದ ದಾಯಾದಿಗಳು. ಮೊದಲನೆಯದು ತೊಟ್ಟಿಗೊಂದು ಹೂವು ಬಿಟ್ಟರೆ, ಎರಡನೆಯದು ಒಂದೇ ದಂಟಿನ ತುದಿಯಲ್ಲಿ ಗೊಂಚಲು ಹೊತ್ತು ನಿಲ್ಲುತ್ತದೆ. ಚಿತ್ರದ ಎದುರು ಗಿಡ ಹಿಡಿದು ನೋಡುವ ಮಗು ಇಂತಹ ವ್ಯತ್ಯಾಸಗಳನ್ನು ತಾನಾಗಿಯೇ ಕಲಿಯುತ್ತದೆ.

ಆಕೆ ಆರಿಸಿದ ಗಿಡಗಳೂ ಗಮನಾರ್ಹ. ಗುಲಾಬಿ, ಲಿಲಿಗಳಂತಹ ಮರ್ಯಾದಸ್ಥ ಹೂಗಳಷ್ಟೇ ಅಲ್ಲ, ತೋಟಗಾರರು ಕಿತ್ತೆಸೆಯುವ ಕಳೆಗಳಿಗೂ ಆಕೆಯ ಪುಟಗಳಲ್ಲಿ ಜಾಗವಿತ್ತು. ವಸಂತದ ಸಂಪುಟದ ‘ಷೆಪರ್ಡ್ಸ್ ಪರ್ಸ್’, ಅಂದರೆ ಕುರುಬನ ಚೀಲ, ಸಾಸಿವೆಯ ಕುಟುಂಬಕ್ಕೆ ಸೇರಿದ ಬಡ ಕಳೆ. ಅದರ ಹೃದಯಾಕಾರದ ಪುಟ್ಟ ಕಾಯಿಗಳಿಂದಲೇ ಆ ಹೆಸರು. ಅದೇ ಸಂಪುಟದ ‘ವುಡ್ ಸಾರೆಲ್’ ಮಲೆನಾಡಿನ ಮಕ್ಕಳು ಹುಳಿಯೆಂದು ಕಿತ್ತು ತಿನ್ನುವ ಪುಳ್ಳಂಪುರಚಿಯ ಬಂಧು. ಅದೇ ಮೂರು ಎಲೆ, ಅದೇ ಹುಳಿ. ‘ಲಾರ್ಡ್ಸ್ ಅಂಡ್ ಲೇಡೀಸ್’ ಎಂಬ ವಿಚಿತ್ರ ಹೆಸರಿನ ಗಿಡ ಕೆಸುವಿನ ಮತ್ತು ಸುವರ್ಣಗಡ್ಡೆಯ ಕುಟುಂಬದ್ದು. ಹೆಡೆಯಂತೆ ಎದ್ದ ಹೊದಿಕೆ, ಅದರ ನಡುವೆ ಕಡ್ಡಿಯಂತಹ ಹೂಗೊಂಚಲು. ಕೆಸು ಹೂಬಿಟ್ಟದ್ದನ್ನು ಕಂಡವರಿಗೆ ಇಂಗ್ಲೆಂಡಿನ ಈ ಗಿಡದ ಗುರುತು ಹತ್ತುವುದು ಕಷ್ಟವಲ್ಲ.

ಇಂತಹ ನಿಖರತೆಗೆ ಇನ್ನೊಂದು ಪ್ರಯೋಜನವೂ ಇತ್ತು. ಶರತ್ಕಾಲದ ಸಂಪುಟದಲ್ಲಿ ನೈಟ್‌ಷೇಡ್ ಹಣ್ಣಿನ ಕಿನ್ನರಿ ಬರುತ್ತದೆ. ಬದನೆ, ಟೊಮೇಟೊಗಳ ಕುಟುಂಬದ ಈ ಬಳ್ಳಿಯ ಕೆಂಪು ಹಣ್ಣು ನೋಡಲು ಚೆಂದ, ತಿಂದರೆ ವಿಷ. ಪದ್ಯ ಮಕ್ಕಳಿಗೆ ಆ ಎಚ್ಚರಿಕೆಯನ್ನೇ ಹೇಳುತ್ತದೆ. ಬೇಲಿಯಲ್ಲಿ ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಓದುಗರಿಗೆ ಎಲೆ ಮತ್ತು ಹಣ್ಣಿನ ಆಕಾರ ಸರಿಯಾಗಿ ತೋರಿಸುವುದು ಬರೀ ಸೌಂದರ್ಯದ ವಿಷಯವಾಗಿರಲಿಲ್ಲ.

ಹೂವೂ ಹೋಯಿತು, ಹೆಸರೂ ಹೋಯಿತು

ಬಾರ್ಕರ್‌ರ ಬದುಕು ಕೊನೆಯವರೆಗೂ ಸದ್ದಿಲ್ಲದೆ ಸಾಗಿತು. ಮದುವೆಯಾಗಲಿಲ್ಲ. 1954ರಲ್ಲಿ ಅಕ್ಕ ಡೊರೊತಿ ತೀರಿಕೊಂಡರು; ವೃದ್ಧ ತಾಯಿಯ ಆರೈಕೆ ಆಕೆಯ ಪಾಲಿಗೆ ಬಂತು. 1960ರಲ್ಲಿ ತಾಯಿಯೂ ಹೋದರು. 1973ರ ಫೆಬ್ರವರಿ 16ರಂದು, 77ರ ವಯಸ್ಸಿನಲ್ಲಿ, ಬಾರ್ಕರ್ ನಿಧನರಾದರು. ಮೊದಲ ಸಂಪುಟಕ್ಕೆ ಐವತ್ತು ತುಂಬಿದ ವರ್ಷ ಅದು. ಹಿಂದಿನ ಸಂಪುಟಗಳ ಚಿತ್ರಗಳನ್ನು ಕೂಡಿಸಿ ಚಳಿಗಾಲದ ಸಂಪುಟವೊಂದು 1985ರಲ್ಲಿ ಬಂತು. 1989ರಲ್ಲಿ ಆಕೆಯ ಕೃತಿಗಳ ಹಕ್ಕನ್ನು ಫ್ರೆಡರಿಕ್ ವಾರ್ನ್ ಸಂಸ್ಥೆ ಪಡೆಯಿತು. ಆಮೇಲೆ ಹೂಗಿನ್ನರಿಯರು ಬೊಂಬೆ, ಬಟ್ಟಲು, ಕ್ಯಾಲೆಂಡರುಗಳ ಮೇಲೂ ಕುಳಿತರು. ಅಂಗಡಿಯ ಈ ಸರಕಿನಲ್ಲಿ ಕಿನ್ನರಿ ಮುಂದೆ ಬಂದಳು, ಹೂವು ಅಲಂಕಾರವಾಗಿ ಹಿಂದೆ ಸರಿಯಿತು.

ಹೊರಗಿನ ಲೋಕದಲ್ಲೂ ಹೂವು ಹಿಂದೆ ಸರಿಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಆಹಾರಕ್ಕಾಗಿ ಹುಲ್ಲುಗಾವಲುಗಳನ್ನು ಉತ್ತದ್ದು, ನಂತರ ರಸಗೊಬ್ಬರ, ಕಳೆನಾಶಕಗಳ ಬಳಕೆ ಹೆಚ್ಚಿದ್ದು ಇದಕ್ಕೆ ಕಾರಣ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ತಗ್ಗುಪ್ರದೇಶದಲ್ಲಿ 1930ರ ಸುಮಾರಿಗೆ ಇದ್ದ ಹೂಬಿಡುವ ಸಹಜ ಹುಲ್ಲುಗಾವಲುಗಳ ಪೈಕಿ ಶೇ 97ರಷ್ಟು 1984ರ ಹೊತ್ತಿಗೆ ಇಲ್ಲವಾಗಿದ್ದವು. ಬಾರ್ಕರ್ ಮೊದಲ ಮೂರು ಸಂಪುಟಗಳನ್ನು ಬರೆದದ್ದು ಈ ನಾಶಕ್ಕೆ ಸ್ವಲ್ಪ ಮೊದಲು. ಆಗ ಕೌಸ್ಲಿಪ್ ಹೂವನ್ನು ಮಕ್ಕಳು ಹಿಡಿ ಹಿಡಿಯಾಗಿ ಕಿತ್ತು ತರುತ್ತಿದ್ದರು.

ಹೂವಿನ ಹಿಂದೆ ಹೆಸರೂ ಹೊರಟಿತು. 2007ರಲ್ಲಿ ಏಳು ವರ್ಷ ಮೇಲ್ಪಟ್ಟ ಮಕ್ಕಳಿಗಾಗಿ ಇರುವ ‘ಆಕ್ಸ್‌ಫರ್ಡ್ ಜೂನಿಯರ್ ಡಿಕ್ಷನರಿ’ಯ ಹೊಸ ಆವೃತ್ತಿ ಬಂದಾಗ ಬ್ಲೂಬೆಲ್, ಕೌಸ್ಲಿಪ್, ಡ್ಯಾಂಡಿಲಿಯನ್, ಹೇಜಲ್, ಓಕ್ ಮರದ ಕಾಯಿಯ ಹೆಸರಾದ ಏಕಾರ್ನ್ ಮೊದಲಾದ ಪದಗಳು ಅದರಲ್ಲಿರಲಿಲ್ಲ. ಬ್ರಾಡ್‌ಬ್ಯಾಂಡ್, ಬ್ಲಾಗ್, ಚಾಟ್‌ರೂಮ್ ಮೊದಲಾದವು ಒಳಬಂದಿದ್ದವು. ಮಕ್ಕಳ ಇಂದಿನ ಬಳಕೆಯನ್ನು ಅನುಸರಿಸಿ ಪದಗಳನ್ನು ಆರಿಸಲಾಗಿದೆ ಎಂಬುದು ಪ್ರಕಾಶಕರ ಸಮರ್ಥನೆ. ಪುಟಗಳಿಗೆ ಮಿತಿ ಇರುವ ನಿಘಂಟಿಗೆ ಅದು ಸಹಜ ವಾದವೇ. ಆದರೆ ಮಗು ಬಳಸದ ಪದವೆಂದು ಕೈಬಿಟ್ಟರೆ ಮಗು ಅದನ್ನು ಬಳಸಲು ಕಲಿಯುವುದು ಎಲ್ಲಿಂದ ಎಂಬ ಪ್ರಶ್ನೆ ಎದ್ದಿತು. 2015ರ ಜನವರಿಯಲ್ಲಿ ಮಾರ್ಗರೆಟ್ ಅಟ್‌ವುಡ್ ಸೇರಿದಂತೆ 28 ಲೇಖಕರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. 2017ರಲ್ಲಿ ಲೇಖಕ ರಾಬರ್ಟ್ ಮ್ಯಾಕ್‌ಫಾರ್ಲೆನ್ ಮತ್ತು ಚಿತ್ರಕಲಾವಿದೆ ಜಾಕಿ ಮಾರಿಸ್ ‘ದಿ ಲಾಸ್ಟ್ ವರ್ಡ್ಸ್’ ಎಂಬ ಪುಸ್ತಕ ತಂದರು. ಏಕಾರ್ನ್, ಬ್ಲೂಬೆಲ್, ಡ್ಯಾಂಡಿಲಿಯನ್‌ಗಳು ಅಲ್ಲಿ ಮತ್ತೆ ಪದ್ಯ ಮತ್ತು ಜಲವರ್ಣದ ಜೋಡಿಯಾಗಿ ಬಂದವು. ಆ ಪುಸ್ತಕವನ್ನು ಶಾಲೆಗಳಿಗೆ ಕೊಡಿಸಲು ಬ್ರಿಟನ್ನಿನ ಹಲವು ಕಡೆ ಜನರೇ ಹಣ ಕೂಡಿಸಿದರು.

ನಿಘಂಟಿನಿಂದ ಹೊರಬಿದ್ದ ಆ ಪದಗಳ ಪಟ್ಟಿಯನ್ನೂ ಬಾರ್ಕರ್‌ರ ವಸಂತ ಮತ್ತು ಶರತ್ಕಾಲದ ಸಂಪುಟಗಳ ಪರಿವಿಡಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೇಲೆ ಹೇಳಿದ ಐದೂ ಹೆಸರುಗಳು ಆ ಪರಿವಿಡಿಯಲ್ಲಿವೆ. 1920ರ ದಶಕದಲ್ಲಿ ಆಕೆ ಅವುಗಳನ್ನು ಆರಿಸಿದ್ದು ಅಪರೂಪವೆಂದಲ್ಲ, ಯಾವ ಮಗುವಿಗೂ ಮನೆಯ ಬಾಗಿಲಾಚೆ ಸಿಗುವಂಥವು ಎಂದು. ಒಂದು ವೇಳೆ ಆಕೆ ಕಿನ್ನರಿಗೆ ಒಪ್ಪುವಂತೆ ಹೂವನ್ನೂ ಊಹೆಯಿಂದ ಬರೆದಿದ್ದರೆ ಆ ಪುಸ್ತಕಗಳು ಇಂದು ಹಳೆಯ ಕಾಲದ ಮುದ್ದು ಚಿತ್ರಗಳಾಗಿ ಉಳಿಯುತ್ತಿದ್ದವು. ನಿಜವಾದ ಗಿಡವನ್ನು ಎದುರಿಟ್ಟುಕೊಂಡು ಬರೆದದ್ದರಿಂದ, ನೂರು ವರ್ಷ ಕಳೆದರೂ, ಆ ಪುಟವನ್ನು ತೆರೆದು ಹಿಡಿದುಕೊಂಡು ಬೇಲಿಯ ಬುಡದಲ್ಲಿ ಕೌಸ್ಲಿಪ್ ಯಾವುದು, ಪ್ರಿಮ್‌ರೋಸ್ ಯಾವುದು ಎಂದು ಮಗುವೊಂದು ಹುಡುಕಿ ಹೆಸರಿಡಲು ಸಾಧ್ಯವಿದೆ.